ಹಾಡಿ ಓದಿದ ಅಡಿಕೆ ಧಾರಣೆ

ಹೊಸನಗರ,
೨೦–೫–೧೯೬೩, ಸೋಮವಾರ

ಪ್ರೀತಿಯ ತಂಗಿ ದುಗ್ಗಮ್ಮನಿಗೆ ಅಣ್ಣ ಕನ್ನಪ್ಪನ ಆಶೀರ್ವಾದ.

ಹೇಗಿದ್ದೀಯ? ಹೊಸ ಊರಿನ ನೀರು ಒಗ್ಗಿತಾ? ಚಳಿಜ್ವರ ಬಂದಿತ್ತು ಎಂದು ಹೋದ ಕಾಗದದಲ್ಲಿ ನೀನು ಬರೆಸಿದ್ದೆ. ಮಾತ್ರೆ ನುಂಗಿದೆಯೋ, ನಿನ್ನ ಹಳೆಯ ಪದ್ಧತಿಯಂತೆ ಸೂರಿನಲ್ಲಿ ಸಿಕ್ಕಿಸಿ ಇಟ್ಟೆಯೋ? ಮಗು ಹಾಲು ಕುಡಿಯುತ್ತಿದೆಯಾ? ಹೂವಪ್ಪ ಭಾವನ ಸೊಂಟ ಹೇಗಿದೆ? ಸರ್ಕಾರ ಕೊಟ್ಟ ಜಾಗದಲ್ಲಿ ಬಿದಿರುಮೆಳೆ ಕಡಿಯುವುದೆಂದರೆ ಹಳೆಯ ಊರಿನ ಗದ್ದೆ ಹೂಡಿದ ಹಾಗಲ್ಲ, ನಿಧಾನವಾಗಿ ಮಾಡಲು ಹೇಳು. ನಿನಗೆ ಅಕ್ಷರ ಬಾರದ ಕಾರಣ ಇದನ್ನು ಓದಿ ಹೇಳುತ್ತಿರುವವರು ಅವರೇ ಎಂದು ನನಗೆ ಗೊತ್ತು. ಭಾವಯ್ಯ, ತಮಗೂ ನಮಸ್ಕಾರ. ತಮ್ಮ ವಿಷಯ ಬಂದಲ್ಲಿ ಸಾಲು ಹಾರಿಸಬಾರದು. ತಂಗಿ ನಿಮ್ಮ ಮುಖವನ್ನೇ ನೋಡುತ್ತಿರುತ್ತಾಳೆ.

ಇಲ್ಲಿ ನಾವೆಲ್ಲ ಕ್ಷೇಮ. ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದೆ. ನಿನ್ನ ಮಗಳನ್ನು ಕೂರಿಸಿ ಓದಿಸಹೊರಟವನಿಗೆ ಕ್ಷೇಮ ಎಲ್ಲಿಂದ ಬರಬೇಕು? ಶರಾವತಿ ಎಂದು ಹೊಳೆಯ ಹೆಸರು ಇಡುವಾಗಲೇ ನಾನು ಬೇಡ ಎಂದಿದ್ದೆ. ಆ ಹೊಳೆಯನ್ನಾದರೂ ಕಟ್ಟೆ ಕಟ್ಟಿ ನಿಲ್ಲಿಸುತ್ತಿದ್ದಾರೆ. ಇವಳನ್ನು ಒಂದು ಕಡೆ ನಿಲ್ಲಿಸುವ ಇಂಜಿನಿಯರು ಇನ್ನೂ ಹುಟ್ಟಿಲ್ಲ.

ನಿಮ್ಮ ಊರು ಮುಳುಗಡೆಗೆ ಸೇರಿ ಶಾಲೆ ಮುಚ್ಚಿದಾಗ ಅವಳು ಎರಡನೇ ಕ್ಲಾಸನ್ನು ಅರ್ಧಕ್ಕೇ ಬಿಟ್ಟವಳು. ಈಗ ಹತ್ತು ವರ್ಷ. ಯುಗಾದಿ ಮುಗಿದ ಮೇಲೆ ಅವಳನ್ನು ಇಲ್ಲಿ ಬಿಟ್ಟು ಬಸ್ಸು ಹತ್ತುವಾಗ ಭಾವ ಹೇಳಿದ್ದು ನೆನಪಿದೆಯಲ್ಲ? "ನೋಡಿ ಕನ್ನಪ್ಪ ಭಾವ, ಶಾಲೆ ಬಾಗ್ಲು ತೆಗೆದಾಗ ನಾಲ್ಕನೇ ಕ್ಲಾಸಿಗೆ ಸೇರಿಸ್ಕೊಂಡ್ರೆ ಇಲ್ಲೇ ಓದ್ಲಿ. ಸಣ್ಣ ಮಕ್ಳ ಜೊತೆ ಒಂದನೇ ಕ್ಲಾಸಲ್ಲಿ ಕೂರಿಸ್ತೀವಿ ಅಂದ್ರೆ ಬ್ಯಾಡ. ಮನೇಲಿ ಮಗು ಆಡ್ಸಕ್ಕೆ ಜನ ಇಲ್ಲ." ನಾನು ಎದೆ ತಟ್ಟಿ ಒಪ್ಪಿಕೊಂಡೆ. ಮೊನ್ನೆ ಭಾವನ ಕಾರ್ಡು ಬಂತು. ಇಲ್ಲಿಂದ ಯಾರೋ ಪುಣ್ಯಾತ್ಮರು ಹೋಗಿ, ನಿಮ್ಮ ಮಗಳಿಗೆ ಓದಲು ಬರುವುದಿಲ್ಲ, ಬರೀ ಹಾಡುತ್ತಾಳೆ ಎಂದರಂತೆ. ತಿಂಗಳ ಕೊನೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದಾರೆ. ಹೇಳಿದವರು ಸುಳ್ಳು ಹೇಳಿಲ್ಲ. ಆದರೆ ಪೂರ್ತಿ ಹೇಳಿಲ್ಲ. ಪೂರ್ತಿ ನಾನು ಹೇಳುತ್ತೇನೆ, ಕೇಳು.

ಮೊದಲ ದಿನವೇ ಜಗಳ. "ಎಲ್ರಿಗೂ ರಜ ಮಾವ, ನಂಗೊಬ್ಳಿಗೆ ಎಂತಕ್ಕೆ ಇಸ್ಕೂಲು?" ಎಂದಳು. ಎರಡು ವರ್ಷ ರಜ ಮಾಡಿದ್ದು ಸಾಲದಾ ಎಂದರೆ, "ಅದು ರಜ ಅಲ್ಲ, ಇಸ್ಕೂಲೇ ಮುಚ್ಚಿತ್ತು" ಎಂದಳು. ಇಂಥವಳನ್ನು ಸಾಗರದ ಕೋರ್ಟಿಗೆ ಕಳಿಸಿದರೆ ವಕೀಲರೆಲ್ಲ ಗಂಟುಮೂಟೆ ಕಟ್ಟಬೇಕು. ಕೊನೆಗೆ ಬುಡಕ್ಕೇ ಕೈ ಹಾಕಿದಳು. "ನೀವು ಮೂರೇ ಕ್ಲಾಸು ಓದಿ ಅಂಗಿ ಹೊಲಿಯಲ್ವಾ?" ಅಷ್ಟರಲ್ಲಿ ಒಳಗಿನಿಂದ ನಿನ್ನ ಅತ್ತಿಗೆ ವೆಂಕಮ್ಮ ಕೂಗಿದಳು. "ಅವ್ರು ಹೊಲ್ದ ಅಂಗಿ ನೋಡ್ಕೊಂಡು ಹೇಳೇ, ಓದು ಬೇಕೋ ಬ್ಯಾಡ್ವೋ ಅಂತ."

ಓದಿಸಲು ನಮ್ಮ ಮನೆಯಲ್ಲಿ ಇದ್ದ ಪುಸ್ತಕಗಳೆಂದರೆ ತಾಳಮದ್ದಳೆಯಲ್ಲಿ ಹಾಡುವ ಯಕ್ಷಗಾನ ಪ್ರಸಂಗದ ಪುಸ್ತಕಗಳು ಮಾತ್ರ. ಶನಿವಾರ ಶನಿವಾರ ನಮ್ಮ ಜಗಲಿಯಲ್ಲಿ ಕೂಟ ನಡೆಯುವುದು, ಅದರಲ್ಲಿ ನನಗೆ ಯಾವಾಗಲೂ ಹಾಸ್ಯಗಾರನ ಪಾತ್ರವೇ ಸಿಗುವುದು ನಿನಗೆ ಗೊತ್ತಲ್ಲ. ಒಂದು ಪುಸ್ತಕ ಕೊಟ್ಟು ಮನೆಯ ಮುಂದಿನ ಅಂಗಡಿಯಲ್ಲಿ ಹೊಲಿಗೆ ಮಿಷನ್ ಪಕ್ಕದಲ್ಲಿ ಕೂರಿಸಿದೆ. ಮದುವೆ ಕಾಲ, ನನ್ನ ಕಾಲು ಮಿಷನ್ನಿನ ಮೇಲೆ, ಕಣ್ಣು ಸೂಜಿಯ ಮೇಲೆ, ಕಿವಿ ಮಾತ್ರ ಅವಳ ಕಡೆ. ಏನು ಓದು ಅಂತೀಯ ದುಗ್ಗಮ್ಮ! ನೀರು ಹರಿದ ಹಾಗೆ. ಎಲ್ಲಾದರೂ ತಡವರಿಸಿದರೆ ಮುಂದಿನ ಶಬ್ದವನ್ನು ನಾನೇ ಎತ್ತಿ ಕೊಡುತ್ತಿದ್ದೆ. ಅವೆಲ್ಲ ನನಗೆ ಬಾಯಿಪಾಠ, ಪುಸ್ತಕ ನೋಡಬೇಕಾದ್ದೇ ಇರಲಿಲ್ಲ. ಅವಳಿಗೂ ಅಷ್ಟೇ, ಸಣ್ಣವಳಿದ್ದಾಗಿಂದ ಇಲ್ಲಿಗೆ ಬಂದಾಗೆಲ್ಲ ಜಗಲಿಯ ಮೂಲೆಯಲ್ಲಿ ಕೂತು ಕೂಟ ಕೇಳಿ ಕೇಳಿ ಬಾಯಿಪಾಠ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ. ಸೋದರಸೊಸೆ ಪಂಡಿತೆ ಎಂದು ಬೀದಿಯೆಲ್ಲ ಹೇಳಿಕೊಂಡು ಬಂದೆ.

ಶಾಲೆಯ ಚಂದ್ರಯ್ಯ ಮೇಷ್ಟ್ರು ಅಂಗಿ ಒಯ್ಯಲು ಬಂದರು. ಅವರ ಮುಂದೆ ಸುಮ್ಮನಿದ್ದೆನಾ? ಓದು ಮಗಳೇ ಎಂದೆ. ಓದಿದಳು, ರಾಗವಾಗಿ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಚೆನ್ನಾಗಿದೆ. ಪುಟ ಯಾವಾಗ ತಿರುಗಿಸ್ತೀಯಮ್ಮಾ?" ಎಂದರು. ಆಮೇಲೆ ಅಂಗಿಗೆ ಸುತ್ತಿದ್ದ ಪೇಪರು ಬಿಚ್ಚಿ ಅವಳ ಕೈಗೆ ಕೊಟ್ಟು, ಇದನ್ನು ಓದು ಎಂದರು. ಹುಡುಗಿ ನನ್ನನ್ನು ನೋಡಿದಳು, ಪೇಪರು ನೋಡಿದಳು, ಕಣ್ಣು ಮುಚ್ಚಿ ಯುದ್ಧದ ಪದ್ಯ ಎತ್ತಿದಳು ನೋಡು! ಮೇಷ್ಟ್ರು, "ಇದು ಅಡಿಕೆ ಧಾರಣೆ ಕಣಮ್ಮ. ಇದ್ರಲ್ಲಿ ರಾಕ್ಷಸ ಎಲ್ಲಿಂದ ಬಂದ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಭ್ಯಾಸಬಲದಿಂದ ನಾನೂ ನಕ್ಕೆ.

ಅವಳು ನಗಲಿಲ್ಲ. ಒಳಗೆ ಹೋಗಿ, ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಮುಡಿಯ ಹಿಂದೆ ಕೂತಳು. ಹತ್ತಿರ ಹೋಗಿ ಕೇಳಿದ್ದಕ್ಕೆ, "ಅಕ್ಷರ ಎಲ್ಲ ಮರ್ತು ಹೋಗಿದೆ ಮಾವ. ಹೇಳಿದ್ರೆ ಅಪ್ಪಯ್ಯ ಕರ್ಕೊಂಡು ಹೋಗ್ತಾರೆ" ಎಂದಳು. ದುಗ್ಗಮ್ಮ, ಅಷ್ಟು ದಿನ ಓದು ಬೇಡ ಎಂದು ನನ್ನ ಪ್ರಾಣ ತಿಂದವಳು ಇವಳೇ. ಶಾಲೆ ಬೇಡದ ಹುಡುಗಿ ಇಷ್ಟು ಕಷ್ಟಪಟ್ಟು ಮೋಸ ಮಾಡುತ್ತಾಳಾ? ಮೇಷ್ಟ್ರು ಹೋಗುವಾಗ ಒಂದೇ ಮಾತು ಹೇಳಿದರು. "ಶಾಲೆ ತೆಗೆದ ದಿನ ಪೇಪರ್ ಕೊಡ್ತೀನಿ ಕನ್ನಪ್ಪ. ಓದಿದ್ರೆ ನಾಲ್ಕನೇ ಕ್ಲಾಸು, ಹಾಡಿದ್ರೆ ಒಂದನೇ ಕ್ಲಾಸು."

ಅವತ್ತೇ ಪ್ರಸಂಗದ ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಬೆಳಗ್ಗೆ ಒಂದು ಹೊತ್ತು ಮಿಷನ್ ನಿಲ್ಲಿಸಿ ಅವಳ ಪಕ್ಕದಲ್ಲೇ ಕಣ್ಣು ಬಿಟ್ಟುಕೊಂಡು ಕೂರುತ್ತೇನೆ. ರವಿಕೆ ಕೇಳಲು ಬಂದ ಹೆಂಗಸರು ಬಯ್ದುಕೊಂಡು ಹೋಗುತ್ತಾರೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಕತ್ತರಿಸುವ ಮೇಜಿನ ಮೇಲೆ ಅಆಇಈಯಿಂದ ಶುರು. ಬೆಂಕಿಪೊಟ್ಟಣ, ಔಷಧಿ ಬಾಟಲಿ, ತೀರ್ಥಹಳ್ಳಿ ಬಸ್ಸಿನ ಬೋರ್ಡು, ರಾಗ ಹಾಕಲಾಗದ್ದನ್ನೆಲ್ಲ ಓದಿಸಿದೆ. ಸುಮ್ಮನೆ ಓದಿದಳು ಎಂದುಕೊಂಡೆಯಾ? ಅರ್ಧ ದಿನ ಗೇರುಮರದ ಮೇಲೆ. ಕೆಳಗೆ ನಾನು ಸೀಮೆಸುಣ್ಣ ಹಿಡಿದುಕೊಂಡು ಬೇಡುತ್ತಾ ನಿಂತಿರುತ್ತೇನೆ. ದಾರಿಯಲ್ಲಿ ಹೋಗುವವರು, "ಕನ್ನಪ್ಪಣ್ಣ, ಯಾವ ಪ್ರಸಂಗ ಇವತ್ತು?" ಎಂದು ಕೇಳುತ್ತಾರೆ. ಒತ್ತಕ್ಷರ ಬಂದ ದಿನವಂತೂ ಇಬ್ಬರೂ ಮಾತು ಬಿಟ್ಟಿದ್ದೆವು. ನನಗೂ ಅದು ಅಷ್ಟಕ್ಕಷ್ಟೇ ಎಂದು ಅವಳಿಗೆ ಗೊತ್ತಾಗಿಬಿಟ್ಟಿತು.

ಹೋದ ವಾರ ಒಬ್ಬ ಮದುಮಗ ಕರಿ ಕೋಟು ಹಾಕಿ ನೋಡಲು ಬಂದ. ತೊಟ್ಟುಕೊಂಡು ಕನ್ನಡಿಯ ಕಡೆ ತಿರುಗಿದ. ಬೆನ್ನ ತುಂಬ ಬಿಳಿ ಅಕ್ಷರ, ‘ಕನ್ನಪ್ಪ ಮಾವ ಕೋಡಂಗಿ’ ಎಂದು! ಅವನು ಕೂಗಾಡಿದ, ನಾನು ಬ್ರಶ್ ಹಿಡಿದು ಉಜ್ಜಲು ಹೋದೆ. ಉಜ್ಜುವ ಮೊದಲು ಇನ್ನೊಂದು ಸಲ ಓದಿದೆ. ನ್ನ ಸರಿ ಇದೆ, ಪ್ಪ ಸರಿ ಇದೆ, ಸೊನ್ನೆಯೂ ಇದೆ. ಸ್ವಂತ ಬುದ್ಧಿಯಿಂದ ಬರೆದದ್ದು, ಯಾರೂ ಹೇಳಿಕೊಟ್ಟದ್ದಲ್ಲ. ಬೈಯಲೋ ಬೆಲ್ಲ ಕೊಡಲೋ ತಿಳಿಯದೆ ನಿಂತೆ. ನಿನ್ನ ಅತ್ತಿಗೆ ಬಂದು ನೋಡಿ, "ನಿಜ ಬರ್ದವ್ಳನ್ನ ಎಂತಕ್ಕೆ ಬೈತೀರಿ?" ಎಂದು ಬೆಲ್ಲವನ್ನೇ ಕೊಟ್ಟಳು. ಮದುಮಗನಿಗೂ ಒಂದು ಚೂರು ಕೊಟ್ಟಳು, ಅವನು ತಣ್ಣಗಾದ.

ಇಷ್ಟು ಬರೆಯುವಷ್ಟರಲ್ಲಿ ನನ್ನ ಕೈಯೂ ಸೋತಿತು. ಭಾವಯ್ಯ ಓದಿ ಓದಿ ಬಾಯಿ ಒಣಗಿಸಿಕೊಂಡಿರಬೇಕು, ಒಂದು ಲೋಟ ಮಜ್ಜಿಗೆ ಕೊಡು. ಮಗುವಿನ ಕೆನ್ನೆಗೆ ನನ್ನ ಹೆಸರಲ್ಲಿ ಒಂದು ಮುತ್ತು. ಜ್ವರದ ಮಾತ್ರೆ ಸೂರಿನಲ್ಲಿದ್ದರೆ ಈಗಲೇ ಎದ್ದು ತೆಗೆದು ನುಂಗು. ನೀವೆಲ್ಲ ಹೊಸ ಮಣ್ಣಿನಲ್ಲಿ ಚೆನ್ನಾಗಿ ಬೇರು ಬಿಡಿ ಎಂದು ಹರಸುವ,

ನಿನ್ನ ಅಣ್ಣ
ಕನ್ನಪ್ಪ (ಟೈಲರ್)

ಮರೆತ ವಿಷಯ: ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕವರಿನ ಮೇಲಿನ ವಿಳಾಸ ಬರೆದವಳು ಶರಾವತಿ. ನಾನು ಬಾಯಲ್ಲಿ ಹೇಳಿದೆ, ಅಷ್ಟೇ. ಕೈ ಹಿಡಿಯಲಿಲ್ಲ, ತಿದ್ದಲೂ ಇಲ್ಲ. ಶಿವಮೊಗ್ಗದ ‘ಗ್ಗ’ ಸ್ವಲ್ಪ ಕೆಳಗೆ ಜಾರಿದೆ. ಆದರೂ ಕಾಗದ ನಿಮ್ಮ ಕೈ ಸೇರಿದೆ ಎಂದರೆ ದಾರಿಯುದ್ದಕ್ಕೂ ಎಷ್ಟೋ ಜನ ಅವಳ ಅಕ್ಷರ ಓದಿದ್ದಾರೆ ಎಂದಾಯಿತು. ದುಗ್ಗಮ್ಮ, ಕವರನ್ನು ಒಲೆಗೆ ಹಾಕಬೇಡ. ಭಾವಯ್ಯ, ತಿಂಗಳ ಕೊನೆಗೆ ಖಂಡಿತ ಬನ್ನಿ. ಅವಳನ್ನು ಕರೆದುಕೊಂಡು ಹೋಗಲಿಕ್ಕಲ್ಲ, ಶಾಲೆಗೆ ಬಿಡಲಿಕ್ಕೆ.