ಮೂವತ್ತೆಂಟು ಸೆಕೆಂಡಿನ ಬೆಳಕು

ನನ್ನ ಮೇಡಂ,

ಮದುವೆಯಾದ ಹೊಸದರಲ್ಲಿ ತಮಾಷೆಗೆ ಹೀಗೆ ಕರೆದೆ, ಆಮೇಲೆ ಅದೇ ಹೆಸರಾಯಿತು. ನೀನು ಹೋಗಿ ಏಳು ತಿಂಗಳು. ಹಾಲು ಇವತ್ತೂ ಉಕ್ಕಿತು. ಅದಿರಲಿ, ಹೇಳಬೇಕಾದದ್ದು ಬೇರೆ.

ಆಸ್ಪತ್ರೆಯಲ್ಲಿ ಆ ಬುಧವಾರ, ಮೂರು ದಿನದ ನರಳಾಟದ ನಂತರ ನಿನಗೆ ನಿದ್ದೆ ಹತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ದಿಂಬಿನ ಪಕ್ಕದ ನಿನ್ನ ಫೋನು ಬಡಿದುಕೊಂಡಿತು. ಅದರ ಬಾಯಿ ಮುಚ್ಚಿಸಿ ಜೇಬಿಗೆ ಹಾಕಿಕೊಂಡೆ. ಕಣ್ಣು ಬಿಡದೆಯೇ ನೀನು, "ರೀ, ನನ್ನ ಫೋನಾ?" ಎಂದೆ. "ರಾಂಗ್ ನಂಬರ್ ಕಣೇ, ಮಲ್ಕೋ," ಎಂದೆ ನಾನು.

ಕರೆದದ್ದು ಬಾಹ್ಯಾಕಾಶದಲ್ಲಿ ಸುತ್ತುತ್ತಿರುವ ನಿನ್ನ ದೂರದರ್ಶಕ. ಹದಿನಾಲ್ಕು ವರ್ಷ ನೀನು ಕಾದಿದ್ದಂಥ ಗಾಮಾ ಕಿರಣಗಳ ಸ್ಫೋಟ, ಮೂವತ್ತೆಂಟು ಸೆಕೆಂಡು. ನಿನ್ನ ಶಿಷ್ಯೆ, ಆ ಸೋಡಾಗ್ಲಾಸ್ ಕನ್ನಡಕದ ಹುಡುಗಿ, ಮೊನ್ನೆ ನಿನ್ನ ಪುಸ್ತಕ ಒಯ್ಯಲು ಬಂದವಳು ಅದರ ಗ್ರಾಫ್ ತೋರಿಸಿದಳು. ಕಾಲೇಜಿನ ಇಂಗ್ಲಿಷ್ ಅರ್ಧಕ್ಕರ್ಧ ಮರೆತಿದೆ. ಆದರೂ 'ಡಿಸ್ಟೆನ್ಸ್ ಅನ್‌ನೋನ್' ಎಂದಿದ್ದನ್ನು ಓದಿದೆ. ಯಾಕಮ್ಮ ಎಂದೆ.

"ಸ್ಫೋಟ ಆದ್ಮೇಲೆ ಅಲ್ಲಿ ಸ್ವಲ್ಪ ಹೊತ್ತು ಮಂಕು ಬೆಳಕು ಉಳಿಯತ್ತೆ ಅಂಕಲ್. ಆಗ್ಲೇ ದೂರದರ್ಶಕಾನ ಆ ಕಡೆ ತಿರುಗಿಸಿದ್ರೆ ಎಷ್ಟು ದೂರ ಅಂತ ಅಳೀಬಹುದಿತ್ತು. ಅದಕ್ಕೆ ಮೇಡಂ ಫೋನಲ್ಲಿ ಹೂಂ ಅನ್ಬೇಕಿತ್ತು. ಪಾಪ, ಅವತ್ತು ಅವರಿಗೆ ಎಚ್ಚರ ಎಲ್ಲಿತ್ತು?"

ಅದು ನಿನ್ನದೇ ಕಟ್ಟಳೆ. ಸೂರ್ಯ ಕೆಮ್ಮಿದರೂ ಯಂತ್ರ ಹೌಹಾರುತ್ತದೆ, ಪಾಳಿಯಲ್ಲಿರುವ ಮನುಷ್ಯರು ಇಪ್ಪತ್ತು ನಿಮಿಷದೊಳಗೆ ಹೂಂ ಅನ್ನಲೇಬೇಕು ಎಂದು ಹಠ ಹಿಡಿದವಳು ನೀನು. ಆಸ್ಪತ್ರೆಯಿಂದಲೂ ಪಾಳಿ ಬಿಟ್ಟುಕೊಡಲಿಲ್ಲ. "ಹೆಬ್ಬೆರಳು ಒತ್ತೋಕೆ ಎದ್ದು ಕೂರ್ಬೇಕಾ?" ಎಂದು ಡಾಕ್ಟರಿಗೇ ಜೋರು ಮಾಡಿದೆ. ನನಗೂ ಹೇಳಿದ್ದೆ: "ಬಡ್ಕೊಂಡ್ರೆ ಎಬ್ಬಿಸಿ, ರೀ."

ಎಬ್ಬಿಸಲಿಲ್ಲ. ಗೊತ್ತಿದ್ದೂ ಎಬ್ಬಿಸಲಿಲ್ಲ. ನಿನ್ನ ಆ ನಿದ್ದೆ ನನಗೆ ಬೇಕಿತ್ತು. ನೀನು ಎದ್ದ ಮೇಲಾದರೂ ಹೇಳಬಹುದಿತ್ತು, ಹೇಳಲಿಲ್ಲ. ಮರುದಿನ ಸಂಜೆ ನೀನು ಹೊರಟೇ ಹೋದೆ. ಎಷ್ಟು ಕೋಟಿ ವರ್ಷ ನಡೆದು ಬಂದಿದ್ದ ಬೆಳಕೋ, ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟೆ. ಇನ್ನೊಮ್ಮೆ ಬರುವುದಿಲ್ಲವಂತೆ, ಆ ನಕ್ಷತ್ರ ಸಾಯುವುದು ಒಂದೇ ಸಲ. ಹುಡುಗಿಗೆ, "ಹೌದಮ್ಮ, ಎಚ್ಚರ ಇರಲಿಲ್ಲ," ಎಂದುಬಿಟ್ಟೆ.

ಫೋನನ್ನು ದಿನಾ ಚಾರ್ಜಿಗೆ ಇಡುತ್ತೇನೆ. ಹೊಸ ಕರೆಗಳು ಅವಳಿಗೆ ಹೋಗುತ್ತವೆ. ಇದರಲ್ಲಿ ಆ ಬುಧವಾರದ್ದೊಂದೇ ಉಳಿದಿದೆ. ಇವತ್ತು 'ಯೆಸ್' ಒತ್ತಿ ನೋಡಿದೆ. 'ಟೈಮ್ ಓವರ್' ಎಂದಿತು.

ಪತ್ರದ ಕೊನೆಗೆ 'ಯುವರ್ಸ್ ಫೇತ್‌ಫುಲಿ' ಎಂದು ಕಾಲೇಜಿನಲ್ಲಿ ಬರೆಸುತ್ತಿದ್ದರು. ನಂಬಿಕಸ್ಥ ಎಂದು ಬರೆಯಲು ಕೈ ಬರುತ್ತಿಲ್ಲ. ಮಲಗಿರು. ನಿನ್ನ ತಲೆಯ ಬಳಿ ಇನ್ನೇನೂ ಬಡಿದುಕೊಳ್ಳದಿರಲಿ.

ನಿನ್ನನ್ನು ಎಬ್ಬಿಸದವನು