ಬೀರುವಿನೊಳಗಿನ ರೂಟರ್

ಜೂನ್ ೧೫, ಭಾನುವಾರ

ಇವತ್ತೂ ಆಟ ಅರ್ಧಕ್ಕೇ ನಿಂತಿತು. ನನ್ನ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡುವ ಗೇಮು ವೈಫೈಯಲ್ಲಿ ಹಾಲ್‌ನ ಟಿವಿಗೆ ಬರುವಷ್ಟರಲ್ಲಿ ಹೆಣವಾಗುತ್ತದೆ. ವಾರದಿಂದ ಎಲ್ಲ ಸೆಟ್ಟಿಂಗ್ ಬದಲಿಸಿದೆ, ಅತ್ತಿಗುಪ್ಪೆಯಿಂದ ಹೊಸ ವೈಫೈ ಡಾಂಗಲ್ ತಂದೆ. ಗಂಡ ಸಮರ್ಥ ಮಾತ್ರ "ರೂಟರ್ ಆಫ್ ಮಾಡಿ ಆನ್ ಮಾಡ್ತೀನಿ ಇರು" ಎಂದು ಪ್ರತಿಸಲ ಅತ್ತೆಯ ಕೋಣೆಗೆ ಹೋಗಿಬರುತ್ತಿದ್ದ.

ಇವತ್ತು ನಾನೇ ಹೋದೆ. ರೂಟರ್ ಕಬ್ಬಿಣದ ಬೀರುವಿನೊಳಗೆ, ರೇಷ್ಮೆ ಸೀರೆಗಳ ಪಕ್ಕದಲ್ಲಿ! ಬಾಗಿಲು ಮುಚ್ಚಿದರೆ ಸಿಗ್ನಲ್ ಎಲ್ಲಿಂದ ಬರಬೇಕು?

"ರಾತ್ರಿಯೆಲ್ಲಾ ಅದರ ದೀಪ ಮಿಣಮಿಣ ಅಂತಿತ್ತಮ್ಮ, ನಿದ್ದೇನೇ ಬರ್ತಿರಲಿಲ್ಲ. ಅವನೇ ಒಳಗಿಟ್ಟ" ಎಂದರು ಅತ್ತೆ.

ಅವರ ಮೇಲೆ ಸಿಟ್ಟಿಲ್ಲ. ಅವನ ಮೋರೆ ನೋಡಿದರೆ ಮೈ ಉರಿಯುತ್ತದೆ. "ಒಂದು ಆಟಕ್ಕೆ ಇಷ್ಟು ರಂಪ ಯಾಕೇ?" ಅಂತೆ.

ನಾಳೆ ಅವನಿಗೆ ಮನೆಯಿಂದಲೇ ಆಫೀಸ್ ಮೀಟಿಂಗ್. ರೂಟರನ್ನು ಒಳಗೇ ಬಿಟ್ಟು ಬೀರುವಿಗೆ ಬೀಗ ಹಾಕಿ, ಕೀಲಿಯನ್ನು ನನ್ನ ದಿಂಬಿನಡಿ ಇಟ್ಟುಕೊಂಡಿದ್ದೇನೆ. ಬಂದು ಕೇಳಲಿ. ಆಫ್ ಮಾಡಿ ಆನ್ ಮಾಡು ಅಂತೀನಿ.