ನವೆಂಬರ್ ಆದಮೇಲೆ ಬಂದ ಎರಡು ತಿಂಗಳು

ರೋಮ್, ಅವೆಂಟೈನ್ ಗುಡ್ಡ
ಸೇರಿಸಿದ ಮೊದಲ ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ

ನನ್ನ ಪೆಟಿಲಿಯಾ,

ಟೀಬುರ್‌ನಲ್ಲಿ ನಿನ್ನ ಅಣ್ಣನ ತೋಟದ ದ್ರಾಕ್ಷಿ ಕೊಯ್ದಾಯಿತೇ? ನವೆಂಬರ್ ಕಳೆದಿದೆ, ಸೆಪ್ಟೆಂಬರಿನಲ್ಲಿ ಹಣ್ಣಾಗಬೇಕಾದ ದ್ರಾಕ್ಷಿ ಈಗ ಹಣ್ಣಾಗುತ್ತಿದೆ. ತಿಂಗಳ ಲೆಕ್ಕ ಇಡುವ ನಮ್ಮ ಪುರೋಹಿತರ ಕೃಪೆ. ತಮಗೆ ಬೇಕಾದ ವರ್ಷ ಒಂದು ತಿಂಗಳು ಸೇರಿಸಿದರು, ಬೇಡವಾದ ವರ್ಷ ಮರೆತರು. ತಿಂಗಳು ಒಂದು ದಾರಿ, ಬಿಸಿಲು ಮಳೆ ಇನ್ನೊಂದು ದಾರಿ ಹಿಡಿದವು. ಈಗ ಅದನ್ನು ಸರಿಮಾಡಲು ನವೆಂಬರಿಗೂ ಡಿಸೆಂಬರಿಗೂ ನಡುವೆ ಎರಡು ತಿಂಗಳು ತುರುಕಿದ್ದಾರೆ. ಬರುವ ಜನವರಿಯಿಂದ ಸೂರ್ಯನ ಲೆಕ್ಕವಂತೆ, ಯಾರೂ ಕೈಯಾಡಿಸುವಂತಿಲ್ಲವಂತೆ. ನೋಡೋಣ.

ಆದರೆ ಪುರೋಹಿತರನ್ನು ಬಯ್ಯಲು ಈ ಮೇಣದ ಹಲಗೆಯ ಮೇಲೆ ಬರೆಯಲು ಕುಳಿತಿಲ್ಲ. ನಾನು ನಿನಗೆ ಒಂದು ಸುಳ್ಳು ಹೇಳಿದ್ದೇನೆ ಮಗಳೇ.

ಡಂಗುರದವನು ಹೊಸ ತಿಂಗಳುಗಳನ್ನು ಸಾರಿ ಹೋದ ಮರುದಿನ ನೀನು ಒಲೆಯ ಹತ್ತಿರ ನಿಂತು ಬೆರಳು ಮಡಿಸಿ ಎಣಿಸಿದೆ. ನನ್ನ ಮಗ ನುಮೇರಿಯಸ್ ತೀರಿಹೋದದ್ದು ಮಾರ್ಚ್ ಮೊದಲ ದಿನ. ಗಂಡ ಸತ್ತವಳು ಹತ್ತು ತಿಂಗಳು ದುಃಖ ಆಚರಿಸಬೇಕು, ಅಲ್ಲಿಯವರೆಗೆ ಇನ್ನೊಂದು ಮದುವೆ ಕೂಡದು. ನವೆಂಬರಿಗೆ ಒಂಬತ್ತಾಯಿತು. "ಅತ್ತೆ, ಸೇರಿಸಿದ ತಿಂಗಳೂ ತಿಂಗಳೇ ಅಲ್ವಾ? ಇದು ಮುಗಿದ್ರೆ ಹತ್ತಾಗುತ್ತೆ ಅಲ್ವಾ?" ಎಂದು ಕೇಳಿದೆ. ನಾನು ಅವರೆ ಸುಲಿಯುತ್ತಿದ್ದೆ, ತಲೆ ಎತ್ತಲಿಲ್ಲ. "ಅದಕ್ಕೆ ಸರಿಯಾಗಿ ಒಂದು ಹೆಸರೂ ಇಲ್ಲ. ಹೆಸರಿಲ್ಲದ್ದನ್ನ ಯಾರು ಲೆಕ್ಕಕ್ಕೆ ಹಿಡೀತಾರೆ? ಡಿಸೆಂಬರ್ ಮುಗೀಲಿ ಕಣೇ" ಎಂದೆ. ನೀನು ಎದುರಾಡಲಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತು, ಜಗಳವಾಡಿಯಾದರೂ ನಾನು ಹಗುರಾಗುತ್ತಿದ್ದೆ. ಮಾರನೆಯ ದಿನ ನೀನು ಅಣ್ಣನ ಮನೆಗೆ ಹೊರಟುಬಿಟ್ಟೆ.

ನಿಜ ಏನು ಗೊತ್ತೇ? ನೀನು ಕೇಳುವ ಮೊದಲೇ ನಾನು ಪುರೋಹಿತರ ಗುಮಾಸ್ತನನ್ನು ಕೇಳಿ ಬಂದಿದ್ದೆ. ಅವನು ನಕ್ಕ. "ಅಜ್ಜೀ, ಹಿಂದೆ ರಾಜರ ಕಾಲದಲ್ಲಿ ವರ್ಷ ಅಂದ್ರೇನೇ ಹತ್ತು ತಿಂಗಳು. ಅದೇ ಹತ್ತು ಇನ್ನೂ ವಿಧವೆಯರ ಪಾಲಿಗೆ ಉಳಿದಿದೆ. ಈ ಹೊಸ ತಿಂಗಳು ಸೇರುತ್ತೋ ಇಲ್ವೋ, ಗಂಡನ ಮನೆಯ ಹಿರಿಯರು ಹೇಳಿದ್ದೇ ಲೆಕ್ಕ" ಎಂದ. ನಮ್ಮ ಮನೆಯಲ್ಲಿ ಹಿರಿಯಳು ಯಾರು? ನಾನೊಬ್ಬಳೇ. ಒಂದು ಮಾತಿನಲ್ಲಿ ನಿನ್ನನ್ನು ಬಿಡಬಹುದಿತ್ತು, ಬಿಡಲಿಲ್ಲ.

ನಿನ್ನನ್ನು ಮದುವೆಯಾಗಲು ಕಾದಿರುವ ತ್ರೇಬಿಯಸ್ ಮೇಲೆ ನನಗೆ ಸಿಟ್ಟಿರಲಿಲ್ಲ. ಕಲ್ಲು ಕೆತ್ತುವವನು, ಕುಡಿತವಿಲ್ಲ, ಮಾತು ಕಮ್ಮಿ, ನಿನ್ನನ್ನು ಕಂಡರೆ ಕೆಂಪಗಾಗುತ್ತಾನೆ. ನನ್ನ ಹೆದರಿಕೆಯೇ ಬೇರೆ. ನೀನು ಕಪ್ಪು ಬಟ್ಟೆಯಲ್ಲಿ ನೀರಿಗೆ ಹೋಗುವಾಗ ಬೀದಿಯವರು "ನುಮೇರಿಯಸ್ ಹೆಂಡ್ತಿ" ಎನ್ನುತ್ತಿದ್ದರು. ಆ ಹೆಸರು ದಿನಕ್ಕೊಮ್ಮೆಯಾದರೂ ನನ್ನ ಕಿವಿಗೆ ಬೀಳುತ್ತಿತ್ತು. ನೀನು ಹೋದರೆ ಅದನ್ನು ಯಾರು ಹೇಳುತ್ತಾರೆ? ಜೊತೆಗೆ, ಹಿಟ್ಟು ನಾದುತ್ತಾ ನೀನು ಅಪಸ್ವರದಲ್ಲಿ ಗುನುಗುವುದು ನನಗೆ ಅಭ್ಯಾಸವಾಗಿಹೋಗಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲವನ್ನು ಎರಡು ತಿಂಗಳು ಎಳೆಯಲು ನೋಡಿದೆ, ಅಷ್ಟೇ.

ನಿನ್ನೆ ತ್ರೇಬಿಯಸ್ ಬಂದಿದ್ದ. ಕಾಪುವಾದಲ್ಲಿ ಗುಡಿಯ ಕೆಲಸ ಸಿಕ್ಕಿದೆಯಂತೆ. ಮುಂದಿನ ತಿಂಗಳ ನಡುವಿಗೆ ಹೊರಡದಿದ್ದರೆ ಮೇಸ್ತ್ರಿ ಬೇರೆಯವನನ್ನು ಕರೆದುಕೊಳ್ಳುತ್ತಾನಂತೆ. ಅವಧಿ ಮುಗಿಯುವ ಮೊದಲು ಮದುವೆಯಾಗುವ ವಿಧವೆ ಗಬ್ಬದ ಹಸುವನ್ನು ಬಲಿ ಕೊಡಬೇಕಲ್ಲ, ಬಾಗಿಲಲ್ಲೇ ನಿಂತು ಕೇಳಿದ: "ಅಮ್ಮಾ, ನನ್ನ ಉಳಿಗಳನ್ನೆಲ್ಲ ಮಾರಿದ್ರೆ ಒಂದು ಹಸು ಬರುತ್ತಾ?"

"ಉಳಿ ಮಾರಿ ಕಾಪುವಾದಲ್ಲಿ ಕಲ್ಲನ್ನ ಹಲ್ಲಲ್ಲಿ ಕಡೀತೀಯಾ ದಡ್ಡಾ?" ಎಂದು ಗದರಿದೆ. ಒಳಗೆ ಬಂದು ಅತ್ತುಬಿಟ್ಟೆ. ನನ್ನ ಮಗ ಬದುಕಿದ್ದಾಗ ನಿನಗಾಗಿ ಇಂಥದೇ ಹುಚ್ಚುಗಳನ್ನು ಮಾಡುತ್ತಿದ್ದ.

ಆದ್ದರಿಂದ ಕೇಳು. ಈ ತಿಂಗಳೂ ತಿಂಗಳೇ. ಇನ್ನು ಒಂಬತ್ತು ದಿನಕ್ಕೆ ಹತ್ತು ತುಂಬುತ್ತದೆ. ನುಮೇರಿಯಸ್‌ನ ತಾಯಿ ನಾನು ಹೇಳುತ್ತಿದ್ದೇನೆ. ಬೀದಿಯ ನೀರಿನ ತೊಟ್ಟಿಯ ಹತ್ತಿರ ಎಲ್ಲರಿಗೂ ಹೇಳಿ ಬಂದಿದ್ದೇನೆ. ಹಸುವೂ ಬೇಡ, ಉಳಿಯೂ ಮಾರುವುದು ಬೇಡ. ನನ್ನ ಸುಳ್ಳಿಗೆ ಕ್ಷಮೆ ಇದ್ದರೆ ಕೊಡು, ಇಲ್ಲದಿದ್ದರೆ ಬಂದು ಬಯ್ಯಿ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ನಿನಗೆ ತಾಯಿಯಿಲ್ಲ. ಮದುವೆಯ ಸಂಜೆ ಗಂಡಿನವರು ಹೆಣ್ಣನ್ನು ತಾಯಿಯ ಮಡಿಲಿನಿಂದ ಕಿತ್ತುಕೊಂಡು ಹೋಗುವುದು ನಮ್ಮ ಪದ್ಧತಿ. ಆ ಮಡಿಲು ನನ್ನದಾಗಲಿ, ಅಣ್ಣನಿಗೆ ಹೇಳು. ಎಲ್ಲ ತಾಯಂದಿರೂ ಬಿಡದವರಂತೆ ನಟಿಸುತ್ತಾರೆ. ನನಗೆ ನಟನೆ ಬಾರದು. ತ್ರೇಬಿಯಸ್‌ಗೆ ಗಟ್ಟಿಯಾಗಿ ಎಳೆಯಲು ಹೇಳು.

ಎರಡೂ ಮನೆಯ ಒಲೆಯ ದೇವರುಗಳು ನಿನ್ನನ್ನು ಕಾಯಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ಇನ್ನೂ ಒಂಬತ್ತು ದಿನ ನಿನ್ನ ಅತ್ತೆ, ಆಮೇಲೆ ನಿನ್ನ ತಾಯಿ,
ಒಪ್ಪಿಯಾ